ಎಂಜಲು ಕೈಯ ಪರೀಕ್ಷೆ

ಒಬ್ಬ ಮೂಳೆ ಶಸ್ತ್ರವೈದ್ಯರು ನನ್ನ ಬಲ ಮೊಣಕಾಲನ್ನು ಎರಡು ಬೆರಳ ಗೆಣ್ಣುಗಳಿಂದ ಮುಟ್ಟಿ ನೋಡಿದರು. ಗೆಣ್ಣುಗಳಿಂದ ಏಕೆಂದರೆ ಅವರ ಎಡಗೈಯಲ್ಲಿ ಊಟದ ತಟ್ಟೆ ಇತ್ತು. ಬಲಗೈ ಪುಳಿಯೋಗರೆ ತಿಂದು ಎಂಜಲಾಗಿತ್ತು. ಬೆರಳ ತುದಿಯ ಎಣ್ಣೆ ನನಗೆ ತಾಗದಿರಲೆಂದು ಅವರು ಮುಷ್ಟಿ ಮಡಚಿ, ಬಾಗಿಲು ತಟ್ಟುವವರ ಹಾಗೆ, ಊದಿಕೊಂಡಿದ್ದ ಮಂಡಿಯನ್ನು ಎರಡು ಸಲ ಒತ್ತಿದರು. ಆಮೇಲೆ ನೆಟ್ಟಗೆ ನಿಂತು, “ಏನಿಲ್ಲ” ಎಂದರು. ಐದು ದಿನಗಳ ನಂತರ ಅದೇ ಮನುಷ್ಯ ತಮ್ಮ ಕ್ಲಿನಿಕ್ಕಿನ ಕಾಗದದ ಮೇಲೆ, ನನ್ನನ್ನು ಪೂರ್ಣವಾಗಿ ಪರೀಕ್ಷಿಸಿದ್ದೇನೆ ಎಂದು ಸಹಿ ಹಾಕಿದರು. ಆ ಸಹಿಗೆ ಉತ್ತರ ಕೇಳಲು ಇದನ್ನು ಬರೆಯುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಬರೆ ಎಂದು ನನ್ನ ಆಟದ ತಂಡದ ಗೆಳತಿಯರು ಹೇಳಿದರು. ನಾನು ಮೈಸೂರಿನಲ್ಲಿ ಐದನೆಯ ತರಗತಿ ಮುಗಿಸಿ ಅಮೆರಿಕಕ್ಕೆ ಬಂದವಳು. ಬಂದ ಮೇಲೂ ಪ್ರತಿ ಭಾನುವಾರ ಅಮ್ಮ ನನ್ನನ್ನು ಎದುರಿಗೆ ಕೂರಿಸಿಕೊಂಡು ಕನ್ನಡ ಬರೆಸಿದ್ದಾಳೆ. ವೈದ್ಯರು ನನ್ನ ಮಂಡಿ ಮುಟ್ಟಿದ ದಿನ ಆ ಕೋಣೆಯಲ್ಲಿ ಇದ್ದವರೆಲ್ಲ ಕನ್ನಡದಲ್ಲಿ ನಕ್ಕರು. ಅವರು ಓದುವ ಭಾಷೆಯಲ್ಲಿಯೇ ಇದು ಇರಬೇಕು. ವೈದ್ಯರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೊದಲ ಸಾಲು ಓದಿದೊಡನೆ ಅವರಿಗೆ ಗೊತ್ತಾಗುತ್ತದೆ; ಅಷ್ಟು ಸಾಕು.

ನಾನು ಆಡುತ್ತಿದ್ದದ್ದು ಗೇಲಿಕ್ ಫುಟ್ಬಾಲ್, ಐರಿಷರ ಆಟ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಲ್ಲಿ ಒದೆಯಬಹುದು. ಆದರೆ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ; ಅಷ್ಟರಲ್ಲಿ ಅದನ್ನು ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ಮೇಲೆ ಬಿಟ್ಟು ಮತ್ತೆ ಕೈಗೆ ಚಿಮ್ಮಿಸಿಕೊಳ್ಳಬೇಕು. ಗೋಲಿನ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಅಂಕ, ಕೆಳಗೆ ಬಲೆಗೆ ಬಿದ್ದರೆ ಮೂರು. ಶಿಕಾಗೋದಲ್ಲಿ ವಿಶ್ವವಿದ್ಯಾಲಯದ ಎರಡನೆಯ ವರ್ಷದಲ್ಲಿದ್ದಾಗ ಐರಿಷ್ ಮನೆತನದ ಸಹಪಾಠಿಯೊಬ್ಬಳು ನನ್ನನ್ನು ಮೈದಾನಕ್ಕೆ ಕರೆದೊಯ್ದಳು. ಕನ್ನಡ ಸಂಘದ ಪಿಕ್ನಿಕ್ಕುಗಳಲ್ಲಿ ಆಂಟಿಯರ ಜೊತೆ ಥ್ರೋಬಾಲ್ ಆಡಿ ಆಡಿ ನನ್ನ ಕೈಗಳು ಪಳಗಿದ್ದವು. ಎಷ್ಟೇ ಎತ್ತರದಿಂದ ಬಂದ ಚೆಂಡೂ ಜಾರುತ್ತಿರಲಿಲ್ಲ. ಹಿಡಿದದ್ದೇನೋ ಸರಿ, ಹಿಡಿದ ಚೆಂಡನ್ನು ಥ್ರೋಬಾಲಿನ ಹಾಗೆಯೇ ಎಸೆದುಬಿಟ್ಟೆ. ಈ ಆಟದಲ್ಲಿ ಎಸೆಯುವುದು ತಪ್ಪು, ಮುಷ್ಟಿಯಿಂದ ಹೊಡೆದೇ ದಾಟಿಸಬೇಕು. ಮೊದಲ ದಿನ ಆರು ಸಲ ಸಿಳ್ಳೆ ಊದಿಸಿಕೊಂಡೆ.

ಶಿಕಾಗೋ ಹೊರವಲಯದ ವೆಸ್ಟ್‌ಮಂಟ್‌ನ ನಮ್ಮ ಮನೆಯಿಂದ ಅಪ್ಪ ಅಮ್ಮ ಮೊದಲ ಸಲ ಪಂದ್ಯ ನೋಡಲು ಬಂದಾಗ ಅಪ್ಪ ಮಡಚುವ ಕುರ್ಚಿಯಲ್ಲಿ ಕೂತು ಅರ್ಧ ಗಂಟೆ ತಾಳ್ಮೆಯಿಂದ ನೋಡಿದರು. ಆಮೇಲೆ, “ಇದೇನಮ್ಮ, ಕೈಯಲ್ಲೂ ಹಿಡೀತಾರೆ, ಕಾಲಲ್ಲೂ ಒದೀತಾರೆ. ಇವರು ಏನಾದ್ರೂ ಒಂದು ಡಿಸೈಡ್ ಮಾಡ್ಬಾರ್ದಾ?” ಎಂದರು.

“ಅದೆಲ್ಲ ಬೇಡ, ನಮ್ಮವಳು ಗೆದ್ಲಾ ಸೋತ್ಲಾ, ಅದು ಹೇಳಿ,” ಎಂದಳು ಅಮ್ಮ.

ನಾನು ಬಲ ಮೂಲೆಯ ಫಾರ್ವರ್ಡ್. ಗೋಲಿಗೆ ಹತ್ತಿರ, ಗೆರೆಗೆ ಇನ್ನೂ ಹತ್ತಿರ, ಒದೆಯಲು ಕೋನವೇ ಇಲ್ಲದಂತೆ ಕಾಣುವ ಜಾಗ ಅದು. ಅಲ್ಲಿ ನಿಂತವಳು ಬದುಕುವುದು ಒಂದೇ ವಿದ್ಯೆಯಿಂದ: ಬೆನ್ನಿಗೆ ಅಂಟಿಕೊಂಡಿರುವ ಡಿಫೆಂಡರ್ ಒಂದು ಕಡೆ ವಾಲಿದ ಕ್ಷಣದಲ್ಲಿ ಒಂದೇ ಕಾಲಿನ ಮೇಲೆ ತಿರುಗಿ ಇನ್ನೊಂದು ಕಡೆ ಓಡುವುದು. ಐದು ಬೇಸಿಗೆ ನಾನು ಆ ತಿರುವಿನಿಂದಲೇ ಅಂಕ ಗಳಿಸಿದೆ. ಓದು ಮುಗಿದು ಕೆಲಸಕ್ಕೆ ಸೇರಿದ ಮೇಲೂ ವಾರಕ್ಕೆ ಮೂರು ಸಂಜೆ ಮೈದಾನ ಬಿಡಲಿಲ್ಲ. ಮೆಡಿಕಲ್ ಸ್ಕೂಲಿಗೆ ಅಪ್ಲೈ ಮಾಡದವಳು, ಮದುವೆ ಮಾತೆತ್ತಿದರೆ ಎದ್ದು ಹೋಗುವವಳು ಎಂದು ನನ್ನ ಬಗ್ಗೆ ಬೇಸರವಿದ್ದ ಅಮ್ಮನೂ ಕೊನೆಕೊನೆಗೆ ಫ್ರಿಜ್ಜಿನ ಬಾಗಿಲಿಗೆ ಪಂದ್ಯಗಳ ಪಟ್ಟಿ ಅಂಟಿಸಿದ್ದಳು.

ಐರ್ಲೆಂಡಿನಲ್ಲಿ ಪ್ರತಿಯೊಂದು ಕೌಂಟಿಗೂ, ಅಂದರೆ ಜಿಲ್ಲೆಗೂ, ಒಂದು ತಂಡವಿರುತ್ತದೆ, ಅದರ ನಾಯಕತ್ವಕ್ಕಿಂತ ದೊಡ್ಡ ಗೌರವ ಈ ಆಟದಲ್ಲಿಲ್ಲ. ಇಲ್ಲಿ ಕೌಂಟಿಯ ಸ್ಥಾನದಲ್ಲಿ ನಮಗಿದ್ದದ್ದು ನಗರದ ಆಯ್ಕೆ ತಂಡ. ಅದರ ನಾಯಕಿ ಯಾರೆಂಬುದನ್ನು ಹಿಂದಿನ ವರ್ಷ ನಗರದಲ್ಲಿ ಗೆದ್ದ ಕ್ಲಬ್ ಹೇಳಬೇಕು, ಹಳೆಯ ಪದ್ಧತಿ. ಗೆದ್ದದ್ದು ನಮ್ಮ ಕ್ಲಬ್. ಹೇಳಿದ್ದು ನನ್ನ ಹೆಸರು. ನಮ್ಮ ಕೋಚ್ ತನ್ನ ಊರಿನಲ್ಲಿ ಫಾರ್ವರ್ಡ್ ಆಗಿ ಕೌಂಟಿ ತಂಡವನ್ನೇ ನಡೆಸಿದ್ದವಳು. ನನಗೆ ನಾಯಕಿಯ ಪಟ್ಟ ಕೊಟ್ಟ ದಿನ ಅವಳು ಹೊಗಳಿಕೆಯ ಒಂದು ಮಾತನ್ನೂ ಆಡಲಿಲ್ಲ. ಬೇಸಿಗೆಯ ನಿಯಮಗಳನ್ನು ಮತ್ತೊಮ್ಮೆ ಓದಿದಳು. ಪೆಟ್ಟಾದವರು ವೈದ್ಯರ ಪತ್ರವಿಲ್ಲದೆ ಮೈದಾನಕ್ಕೆ ಇಳಿಯುವಂತಿಲ್ಲ ಎಂಬುದು ಅವುಗಳಲ್ಲಿ ಮೊದಲನೆಯದು.

ಪೆಟ್ಟಾದದ್ದು ಡೆಟ್ರಾಯಿಟಿನಲ್ಲಿ, ಒಂದು ಶನಿವಾರ ಬೆಳಿಗ್ಗೆ, ಅಲ್ಲಿನ ತಂಡದ ಜೊತೆ ನಡೆದ ಅಭ್ಯಾಸ ಪಂದ್ಯದಲ್ಲಿ. ಎತ್ತರದ ಚೆಂಡಿಗೆ ಹಾರಿ ಬಲಗಾಲಿನ ಮೇಲೆ ಇಳಿದೆ. ಮಂಡಿಯೊಳಗೆ ಬಟಾಣಿ ಸಿಡಿದಂತೆ ಒಂದು ಸದ್ದಾಯಿತು. ಗಂಟೆಯೊಳಗೆ ಮಂಡಿ ಊದಿ ಚಿಪ್ಪೇ ಕಾಣದಾಯಿತು. ಅದೇ ದಿನ ಮಧ್ಯಾಹ್ನ ಅಲ್ಲೇ ಹತ್ತಿರದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಒಂದು ಗೃಹಪ್ರವೇಶ; ಅಪ್ಪ ಅಮ್ಮ ಅದಕ್ಕೆ ಬಂದಿದ್ದರು. ಹೊಸ ಮನೆ ಕಟ್ಟಿಸಿದವರು ಆ ವೈದ್ಯರೇ. ನಾವು ಈ ದೇಶಕ್ಕೆ ಬಂದಿಳಿದ ದಿನ ವಿಮಾನ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋದವರು, ಮೊದಲ ಮೂರು ವಾರ ತಮ್ಮ ಮನೆಯಲ್ಲಿ ಇರಿಸಿಕೊಂಡವರು ಅವರು ಮತ್ತು ಅವರ ಹೆಂಡತಿ. ಅಪ್ಪನಿಗೆ ಶಿಕಾಗೋ ಕಡೆ ಕೆಲಸ ಸಿಕ್ಕು ನಾವು ಬಂದ ಮೇಲೂ ಎರಡೂ ಮನೆಗಳ ಹಬ್ಬಗಳು ಒಟ್ಟಿಗೇ ನಡೆದವು. ಆ ಋಣವನ್ನು ನಾನು ಮುಚ್ಚಿಡುವುದಿಲ್ಲ. ಅದು ಸಣ್ಣದಲ್ಲ ಎನ್ನುವುದೇ ಮುಂದಿನದನ್ನೆಲ್ಲ ಸಾಧ್ಯ ಮಾಡಿತು.

ನಮ್ಮ ಜನರಲ್ಲಿ ಒಂದು ರೂಢಿ ಇದೆ. ಯಾರ ಮನೆಯ ಪೂಜೆಯೇ ಆಗಲಿ, ಊಟದ ಹೊತ್ತಿಗೆ ಅಲ್ಲಿರುವ ಡಾಕ್ಟರ್ ಅಂಕಲ್ ಸುತ್ತ ಸಣ್ಣ ಗುಂಪು ಸೇರುತ್ತದೆ. ಒಬ್ಬರು ರಕ್ತ ಪರೀಕ್ಷೆಯ ರಿಪೋರ್ಟನ್ನು ಫೋನಿನಲ್ಲಿ ತೋರಿಸುತ್ತಾರೆ, ಒಬ್ಬರು ಬೆನ್ನು ತಿರುಗಿಸಿ ಅಂಗಿ ಎತ್ತುತ್ತಾರೆ. ಅಪಾಯಿಂಟ್‌ಮೆಂಟ್ ಕೇಳಿದರೆ ಅದು ಪರಕೀಯತೆ. ಅಂಕಲ್ ಕೂಡ ಬೇಡವೆನ್ನುವುದಿಲ್ಲ; ಬೇಡವೆಂದರೆ ಜಂಬ. ಅಮ್ಮ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, “ಡಾಕ್ಟ್ರೆ, ಇವಳ ಕಾಲು ಒಂಚೂರು ನೋಡ್ತೀರಾ?” ಎಂದಳು.

ಅವರು ನೋಡಿದರು, ಹೇಗೆಂದು ಮೊದಲೇ ಹೇಳಿದ್ದೇನೆ.

“ಸ್ಪ್ರೇನ್ ಅಷ್ಟೆ. ಐಸ್ ಇಡು. ಹತ್ತು ದಿನದಲ್ಲಿ ಓಡ್ತೀಯ.”

“ಅಂಕಲ್, ಒಳಗೆ ಪಟ್ ಅಂತ ಸೌಂಡ್ ಬಂತು. ಎಮ್‌ಆರ್‌ಐ ಬೇಡ್ವಾ?”

“ಸೌಂಡಾ?” ಅವರು ಸುತ್ತ ನಿಂತವರ ಕಡೆ ತಿರುಗಿದರು. “ನಿಮ್ಮಪ್ಪನ್ನ ಮೆಟ್ಟಿಲು ಹತ್ತಿಸು, ಆರ್ಕೆಸ್ಟ್ರಾನೇ ಕೇಳುತ್ತೆ. ಈ ಜನರೇಶನ್ನೇ ಹಿಂಗೆ ನೋಡಿ, ಸೊಳ್ಳೆ ಕಚ್ಚಿದ್ರೂ ಎಮ್‌ಆರ್‌ಐ.”

ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕರು. ನಾನೂ ನಕ್ಕೆ, ಅದನ್ನು ಬಿಟ್ಟು ಬರೆದರೆ ಇದು ಸುಳ್ಳಾಗುತ್ತದೆ. ನನಗೆ ಆ ಉತ್ತರ ಬೇಕಾಗಿತ್ತು. ಆಯ್ಕೆ ತಂಡದ ಮೊದಲ ಪಂದ್ಯಕ್ಕೆ ಮೂರು ವಾರ ಮಾತ್ರ ಉಳಿದಿತ್ತು.

ಬುಧವಾರ ಕೋಚ್ ಪತ್ರ ಕೇಳಿದಳು. ಅಮ್ಮ ವೈದ್ಯರಿಗೆ ವಾಟ್ಸಾಪ್ ಮಾಡಿದಳು. ಮರುದಿನವೇ ಪತ್ರ ಬಂತು. ಬಲ ಮೊಣಕಾಲನ್ನು ಪೂರ್ಣವಾಗಿ ಪರೀಕ್ಷಿಸಲಾಗಿದೆ, ಲಿಗಮೆಂಟುಗಳು ಭದ್ರವಾಗಿವೆ, ಊತ ಇಳಿದ ಮೇಲೆ ಆಡಲು ಅಡ್ಡಿಯಿಲ್ಲ. ಕೆಳಗೆ ಸಹಿ. ಕೋಚ್ ಅದನ್ನು ಎರಡು ಸಲ ಓದಿ ಫೈಲಿನಲ್ಲಿ ಇಟ್ಟಳು. ಅವಳು ನಂಬಿದ್ದು ಒಬ್ಬ ಶಸ್ತ್ರವೈದ್ಯನ ಮಾತನ್ನು. ಅದರಲ್ಲಿ ಅವಳ ತಪ್ಪಿಲ್ಲ.

ಊತ ಇಳಿಯಿತು. ನೇರವಾಗಿ ಓಡುವಾಗ ನೋವಿರಲಿಲ್ಲ. ತಿರುಗುವಾಗ ಮಾತ್ರ ತೊಡೆಯ ಮೂಳೆ ಒಂದು ಕಡೆ, ಕೆಳಗಿನ ಮೂಳೆ ಇನ್ನೊಂದು ಕಡೆ ಹೊರಟಂತೆ ಅನಿಸುತ್ತಿತ್ತು. ಭದ್ರವಾಗಿವೆ ಎಂದು ಬರೆದುಕೊಟ್ಟಿದ್ದಾರಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಶಿಕಾಗೋದ ದಕ್ಷಿಣ ಭಾಗದ ಮೈದಾನಕ್ಕೆ ನಾಯಕಿಯಾಗಿ ತಂಡದ ಮುಂದೆ ಇಳಿದೆ. ಹದಿನೇಳು ನಿಮಿಷ ಆಡಿದೆ, ಎರಡು ಅಂಕ ಗಳಿಸಿದೆ. ಮೂರನೆಯದಕ್ಕೆ ಡಿಫೆಂಡರ್ ಎಡಕ್ಕೆ ವಾಲಿದಳು, ನಾನು ಬಲಗಾಲು ಊರಿ ತಿರುಗಿದೆ. ಮೈ ತಿರುಗಿತು, ಪಾದ ನಿಂತಲ್ಲೇ ನಿಂತಿತ್ತು. ನನ್ನ ಕೂಗು ಆಚೆ ಬದಿಯಲ್ಲಿ ಕೂತಿದ್ದ ಅಮ್ಮನಿಗೆ ಕೇಳಿಸಿತಂತೆ.

ಶಿಕಾಗೋದ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ವೈದ್ಯೆ ಮೊದಲು ಕೈ ತೊಳೆದರು. ಮಂಡಿಯನ್ನು ಸ್ವಲ್ಪ ಮಡಚಿ, ಒಂದು ಕೈಯಿಂದ ತೊಡೆ, ಇನ್ನೊಂದರಿಂದ ಕಣಕಾಲು ಹಿಡಿದು ಮುಂದಕ್ಕೆ ಎಳೆದರು. ಮೂಳೆ ಮೇಜಿನ ಡ್ರಾಯರಿನಂತೆ ಜಾರಿ ಬಂತು. ಅರ್ಧ ನಿಮಿಷದ ಕೆಲಸ. ಎಮ್‌ಆರ್‌ಐಯಲ್ಲಿ ನೋಡಿದರೆ, ಎರಡು ಮೂಳೆಗಳನ್ನು ಹಿಡಿದಿಡುವ ಮುಖ್ಯ ಲಿಗಮೆಂಟ್ ಪೂರ್ತಿ ಹರಿದಿತ್ತು. ಹರಿದ ತುದಿಗಳು ಮಾಗಿದ್ದವು, ಅಂದರೆ ಗಾಯ ವಾರಗಳಷ್ಟು ಹಳೆಯದು. ಅದಿಲ್ಲದ ಕಾಲಿನಲ್ಲಿ ಆಡಿದ್ದರಿಂದ ಮಂಡಿಯೊಳಗಿನ ಮೆತ್ತೆ ಹೊಸದಾಗಿ ಚೂರಾಗಿತ್ತು. ಲಿಗಮೆಂಟನ್ನು ಮತ್ತೆ ಕಟ್ಟಬಹುದು, ಮೆತ್ತೆಯನ್ನಲ್ಲ. ಚೂರುಗಳನ್ನು ತೆಗೆದುಹಾಕಬೇಕು ಎಂದರು. ಮೊದಲೇ ಬಂದಿದ್ದರೆ, ಎಂದು ನಾನು ಕೇಳಿದೆ. ಮೊದಲೇ ಬಂದಿದ್ದರೆ ಮುಂದಿನ ವರ್ಷ ಆಡುತ್ತಿದ್ದಿರಿ ಎಂದರು. ಈಗ ನಡೆಯಬಹುದು, ಈಜಬಹುದು. ತಿರುಗುವ ಆಟ ಇನ್ನಿಲ್ಲ. ನನಗೆ ಆಗ ಇಪ್ಪತ್ತೈದು.

ಶಸ್ತ್ರಚಿಕಿತ್ಸೆಯ ನಂತರದ ತಿಂಗಳುಗಳಲ್ಲಿ ನಾನು ಆ ಪತ್ರದ ಪ್ರತಿಯನ್ನು ಬಾಯಿಪಾಠವಾಗುವಷ್ಟು ಓದಿದೆ. ಸಾರ್ವಜನಿಕ ಆಡಳಿತ ಓದಿದವಳು ನಾನು. ಸಹಿಯೆಂದರೆ ಹೊಣೆ ಎಂದು ನಂಬಿಯೇ ಓದಿದವಳು. ತಪ್ಪು ರೋಗನಿರ್ಣಯ ಯಾರಿಗಾದರೂ ಆಗಬಹುದು, ಅದನ್ನು ಕ್ಷಮಿಸುತ್ತಿದ್ದೆ. ಇವರು ರೋಗನಿರ್ಣಯವನ್ನೇ ಮಾಡಿರಲಿಲ್ಲ. ಮಾಡಿದೆನೆಂದು ಬರೆದಿದ್ದರು. ರಾಜ್ಯದ ವೈದ್ಯಕೀಯ ಪರವಾನಗಿ ಮಂಡಳಿಗೆ ದೂರು ಕೊಡುವ ಅರ್ಜಿಯನ್ನು ತುಂಬತೊಡಗಿದೆ. ಸಾಕ್ಷಿಗಳ ಹೆಸರು ಬರೆಯುವ ಜಾಗಕ್ಕೆ ಬಂದು ತಡೆದೆ. ಅಂದು ಅಲ್ಲಿದ್ದವರಲ್ಲಿ ಐದು ಮನೆಗಳಿಗೆ ಫೋನ್ ಮಾಡಿದೆ. ಐವರಿಗೂ ಏನೂ ನೆನಪಿರಲಿಲ್ಲ, ಪಾಯಸ ಚೆನ್ನಾಗಿತ್ತು ಎನ್ನುವುದರ ಹೊರತು. ಅಪ್ಪ ತಮ್ಮನ್ನು ಇದಕ್ಕೆ ಎಳೆಯಬೇಡವೆಂದರು; ಉಳಿದದ್ದು ಅಮ್ಮ. ನನ್ನ ಮಂಡಿಯ ಪಕ್ಕದಲ್ಲೇ ನಿಂತು ನೋಡಿದ್ದವಳು, ಪತ್ರ ಕೇಳಿದ ಸಂದೇಶ ಯಾರ ಫೋನಿನಲ್ಲಿದೆಯೋ ಅವಳು. ಅವಳ ಹೇಳಿಕೆ ಇಲ್ಲದಿದ್ದರೆ ನನ್ನ ಮಾತಿನ ಎದುರು ಅವರ ಸಹಿ ಗೆಲ್ಲುತ್ತಿತ್ತು.

“ಅವರು ನಮ್ಮನ್ನ ಬೀದಿಯಿಂದ ಮನೆಗೆ ಕರ್ಕೊಂಡೋದವರು ಕಣೆ,” ಎಂದಳು ಅಮ್ಮ.

“ಅದಕ್ಕೆ ನನ್ನ ಕಾಲು ಕೊಡ್ಬೇಕಾ?”

“ಕಾಲು ವಾಪಸ್ ಬರುತ್ತಾ ಇದರಿಂದ? ಬರಲ್ಲ ಅಲ್ವಾ? ಮತ್ತೆ ಇದು ಬರೀ ಸೇಡು.”

“ಹೌದಮ್ಮ, ಸೇಡೇ. ನಾನು ಬೇರೆ ಹೆಸರಿಟ್ಟಿಲ್ಲ.”

ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಸಹಿಯನ್ನೂ ಹಾಕಲಿಲ್ಲ. ಹೀಗೆ ಎರಡು ತಿಂಗಳು ಹೋದವು. ಕೊನೆಗೆ ನಾನು ಒಂದು ದಾರಿ ಹೇಳಿದೆ. ಅವರು ಒಂದೇ ಸಾಲು ಬರೆದುಕೊಡಲಿ: ಪರೀಕ್ಷಿಸದೆ ಸಹಿ ಹಾಕಿದೆ, ಎಂದು. ಬರೆದುಕೊಟ್ಟರೆ ದೂರು ಹರಿದುಹಾಕುತ್ತೇನೆ. ಅಮ್ಮನ ಮುಖ ಅರಳಿತು. “ನಾನೂ ಬರ್ತೀನಿ. ನೀನೊಬ್ಬಳೇ ಹೋದ್ರೆ ಕೂಗಾಡಿಬಿಡ್ತೀಯ,” ಎಂದಳು.

ಭಾನುವಾರ ಬೆಳಿಗ್ಗೆ ಹೊರಟೆವು. ಸುಮಾರು ಮುನ್ನೂರು ಮೈಲಿ ನಾನೇ ಡ್ರೈವ್ ಮಾಡಿದೆ. ವೇಗವನ್ನು ತಾನೇ ಕಾಯುವ ಕ್ರೂಸ್ ಕಂಟ್ರೋಲ್ ಹಾಕಿ ಬಲಗಾಲು ಚಾಚಿಕೊಳ್ಳುತ್ತಾ, ಪ್ರತಿ ಎರಡನೆಯ ರೆಸ್ಟ್ ಏರಿಯಾದಲ್ಲಿ ಇಳಿದು ಕುಂಟುತ್ತಾ. ಅವರ ಮನೆಯಲ್ಲಿ ಆಂಟಿ ಜೋಳದ ರೊಟ್ಟಿ ಮಾಡಿ ಕಾದಿದ್ದರು. ನಾನು ಊಟಕ್ಕೆ ಕೂರುವ ಮೊದಲೇ ಅವರ ಪತ್ರದ ಪ್ರತಿಯನ್ನು ಮೇಜಿನ ಮೇಲೆ ಇಟ್ಟೆ.

ಅಂಕಲ್ ಕನ್ನಡಕ ಹಾಕಿಕೊಂಡು ಓದಿದರು. “ನಿನಗೆ ನೋವಾಗಿದ್ರೆ ಐ ಆಮ್ ಸಾರಿ ಮರಿ.”

“ನೋವಾಗಿದ್ರೆ ಅಲ್ಲ ಅಂಕಲ್. ಪರೀಕ್ಷೆ ಮಾಡಿಲ್ಲ ಅಂತ ಬರೀರಿ.”

“ಮುಟ್ಟಿ ನೋಡಿದ್ನಲ್ಲ?”

“ಲಿಗಮೆಂಟ್ ನೋಡೋಕೆ ಎರಡು ಕೈ ಬೇಕು. ನಿಮ್ಮ ಒಂದು ಕೈಯಲ್ಲಿ ತಟ್ಟೆ ಇತ್ತು, ಇನ್ನೊಂದು ಎಂಜಲಾಗಿತ್ತು.”

ಅವರ ಕಿವಿ ಕೆಂಪಾಯಿತು. “ಇಪ್ಪತ್ತು ವರ್ಷದಿಂದ ನಮ್ಮೋರಿಗೆಲ್ಲ ಹೀಗೇ ಹೆಲ್ಪ್ ಮಾಡ್ಕೊಂಡು ಬಂದಿದೀನಿ. ಒಬ್ಬರಾದ್ರೂ ಹೀಗೆ ಬಂದು ಕೂತಿಲ್ಲ.”

“ಅವರ ಮಂಡಿ ಸರಿಯಾಗಿತ್ತೇನೋ.”

ಆಗ ಅವರು ಅಮ್ಮನ ಕಡೆ ತಿರುಗಿದರು. ಒಂದು ಕ್ಷಣ ಸುಮ್ಮನಿದ್ದಿದ್ದರೆ ಅವರು ಗೆದ್ದಿರುತ್ತಿದ್ದರು ಎಂದು ನಾನು ಈಗಲೂ ನಂಬುತ್ತೇನೆ. ಅಮ್ಮ ಆಗಲೇ ನನ್ನ ತೋಳು ಹಿಡಿದು ಎಬ್ಬಿಸುವ ತಯಾರಿಯಲ್ಲಿದ್ದಳು.

“ನೀವೇ ಹೇಳಿ, ಇವಳನ್ನ ಅಲ್ಲೇ ಬೇರೆ ಡಾಕ್ಟರ್ ನೋಡಿ ಸರಿಯಿದೆ ಅಂದಿದಾರೆ, ನೀವೊಂದು ಲೆಟರ್ ಕೊಡಿ ಸಾಕು ಅಂತ ನೀವು ಹೇಳಿದ್ರಿ. ಅದಕ್ಕೇ ಕೊಟ್ಟೆ. ತಪ್ಪು ಮಾಹಿತಿ ಕೊಟ್ಟಿದ್ದು ಯಾರು?” ಎಂದರು ಅಂಕಲ್.

ಅಮ್ಮನ ಕೈ ನನ್ನ ತೋಳಿನಿಂದ ಜಾರಿತು. ಅವಳು ಬ್ಯಾಗಿನಿಂದ ಫೋನ್ ತೆಗೆದಳು. ಎಷ್ಟೋ ತಿಂಗಳ ಶುಭೋದಯಗಳು, ಹಬ್ಬದ ಹಾರೈಕೆಗಳು, ಮೊಮ್ಮಕ್ಕಳ ಫೋಟೋಗಳು ಅವಳ ಹೆಬ್ಬೆರಳಿನ ಕೆಳಗೆ ಹಿಂದಕ್ಕೆ ಹರಿದವು. ಹುಡುಕಿ, ಫೋನನ್ನು ದೂರ ಹಿಡಿದು, ಶಾಲೆಯ ಮಗುವಿನಂತೆ ಒಂದೊಂದೇ ಪದ ಓದಿದಳು:

“ಡಾಕ್ಟ್ರೆ, ಅವತ್ತು ನೀವು ಇವಳ ಕಾಲು ನೋಡಿದ್ರಲ್ಲ, ಕೋಚ್‌ಗೆ ಅದನ್ನೇ ಒಂದು ಲೆಟರ್‌ನಲ್ಲಿ ಬರ್ಕೊಡ್ತೀರಾ? ಬೇರೆ ಯಾರಿಗೂ ತೋರಿಸಿಲ್ಲ. ನೀವು ಹೇಳಿದ ಮೇಲೆ ಆಯ್ತು.”

ಅದರ ಕೆಳಗೆ ಅವರ ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರವಿತ್ತು. ಅಮ್ಮ ಅದನ್ನೂ ಅವರಿಗೆ ತೋರಿಸಿದಳು.

“ನಾನು ಕೇಳಿದ್ದು ತಪ್ಪು, ಒಪ್ತೀನಿ. ಬೇರೆ ಡಾಕ್ಟರ್ ನೋಡಿದಾರೆ ಅಂತ ನಾನು ಎಲ್ಲಿ ಹೇಳಿದೀನಿ, ತೋರಿಸಿ ಡಾಕ್ಟ್ರೆ.”

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅಮ್ಮ ಕಾದಳು. ನಾನಾಗಿದ್ದರೆ ಅಷ್ಟು ಹೊತ್ತು ಕಾಯುತ್ತಿರಲಿಲ್ಲ. ಆಮೇಲೆ ಎದ್ದು, ರೊಟ್ಟಿ ಮುಟ್ಟದೆ, ಶೂ ಹಾಕಿಕೊಂಡು ಕಾರಿನ ಪಕ್ಕ ನಿಂತಳು.

ಮರುದಿನ ಬೆಳಿಗ್ಗೆ ವೆಸ್ಟ್‌ಮಂಟ್‌ನ ಅಡುಗೆಮನೆಯಲ್ಲಿ ಅವಳು ತನ್ನ ಹೇಳಿಕೆಯನ್ನು ಕನ್ನಡದಲ್ಲಿ ಬರೆದಳು, ನಾನು ಇಂಗ್ಲಿಷಿಗೆ ತಂದೆ. ತಾನು ಪತ್ರ ಕೇಳಿದ್ದನ್ನು, ಅದರ ಅರ್ಥ ಯೋಚಿಸದೆ ಇದ್ದದ್ದನ್ನು ಮೊದಲ ಪ್ಯಾರಾದಲ್ಲೇ ಬರೆದಿದ್ದಳು. ಅದನ್ನು ಕೆಳಗೆ ಹಾಕೋಣ ಎಂದೆ. ಬೇಡ ಎಂದಳು. ದೂರು ಹೋಯಿತು.

ಆರು ವಾರಗಳ ನಂತರ, ಒಂದು ಶನಿವಾರ ಬೆಳಿಗ್ಗೆ, ಆಂಟಿಯ ಫೋನ್ ಬಂತು. ಧಾರವಾಡದವರು, ನಾವು ಬಂದಿಳಿದ ದಿನದಿಂದ ಅಮ್ಮನನ್ನು ಅಕ್ಕ ಎಂದೇ ಕರೆದವರು. ಅಮ್ಮನ ಕೈ ಹಿಟ್ಟಾಗಿದ್ದರಿಂದ ಸ್ಪೀಕರ್ ಹಾಕಿದ್ದಳು.

“ಅಕ್ಕಾ, ಬೋರ್ಡಿನಿಂದ ಕಾಗದ ಬಂದದ. ಲಿಖಿತ ಉತ್ತರ ಕೇಳ್ಯಾರ. ನಿನ್ನಿಯಿಂದ ಇವರು ಊಟಾ ಮಾಡಿಲ್ಲ. ಹಿಂಗ ಮಾಡೂದೇನು? ಹುಡುಗಿಗೆ ಸಿಟ್ಟು ಬಂದದ, ತಿಳೀತದ ನನಗ. ನೀ ಹೇಳಬೇಕಲ್ಲಾ ಆಕಿಗೆ?”

“ಅವಳೊಬ್ಬಳದೇ ಅಲ್ಲ ಕಣೆ. ಅದರಲ್ಲಿ ನನ್ನ ಸಹಿನೂ ಇದೆ.”

“ಅದಕ್ಕ ಕೇಳಾಕತ್ತೇನಿ. ನಿನ್ನ ಸಹಿನಾದ್ರೂ ವಾಪಸ್ ತಗೋ.”

“ಇಲ್ಲ. ತಗೊಳಲ್ಲ.”

“ಹಂಗಾರ ಇನ್ನ ನಮ್ಮ ಮನಿಗೆ ಬರಬ್ಯಾಡ ಅಕ್ಕಾ,” ಎನ್ನುವಾಗ ಆಂಟಿ ಅಳುತ್ತಿದ್ದರು.

“ಸರಿ ಕಣೆ,” ಎಂದಳು ಅಮ್ಮ. ಫೋನ್ ಕಟ್ಟಾಯಿತು. ಆಮೇಲೆ ಹಿಟ್ಟಿಗೆ ಬಿಸಿನೀರು ಹಾಕಿ, ಬೇಕಾದದ್ದಕ್ಕಿಂತ ಬಹಳ ಜೋರಾಗಿ ನಾದಿದಳು. ನಾನು ಅವಳನ್ನು ಸಮಾಧಾನ ಮಾಡಲಿಲ್ಲ, ದೂರನ್ನು ಹಿಂದೆಗೆಯುವ ಮಾತನ್ನೂ ಆಡಲಿಲ್ಲ. ಹದಿನೈದು ವರ್ಷದ ಗೆಳತಿಯನ್ನು ಅಮ್ಮ ಅಂದು ಕಳೆದುಕೊಂಡಳು. ಅಂಕಲ್ ಆ ಒಂದು ಸಾಲು ಬರೆದುಕೊಟ್ಟಿದ್ದರೆ ಅದು ಆಗುತ್ತಿರಲಿಲ್ಲ. ಮಂಡಳಿಗೆ ಅವರು ಕೊಡುವ ಉತ್ತರದಲ್ಲಿ ಇದು ಇರುವುದಿಲ್ಲ. ಅದಕ್ಕಾಗಿ ನಾನು ಇಲ್ಲಿ ಬರೆದಿದ್ದೇನೆ.